ಎಕ್ಸ್‌ಬಿಆರ್‌ಎಲ್: ಲೆಕ್ಕಪತ್ರಕ್ಕೆ ಟ್ಯಾಗ್ ಕಟ್ಟುವ ಪದ್ಧತಿ (ಆಳಂದ, ಅಫಜಲಪುರ, ಜೇವರ್ಗಿಯ ಸಕ್ಕರೆ ಕಾರ್ಖಾನೆಗಳ ನಿದರ್ಶನದೊಂದಿಗೆ)

ಎಕ್ಸ್‌ಬಿಆರ್‌ಎಲ್ : ಕಂಪನಿಯ ಅಢಾವೆ ಪತ್ರಿಕೆ, ಲಾಭ-ನಷ್ಟದ ಖಾತೆ, ನಗದು ಹರಿವಿನ ಪಟ್ಟಿ ಹಾಗೂ ಅವುಗಳ ಟಿಪ್ಪಣಿಗಳಲ್ಲಿ ಬರುವ ಒಂದೊಂದು ಅಂಕಿಗೂ ಕಂಪ್ಯೂಟರ್ ಓದಬಲ್ಲ ಗುರುತು ಕಟ್ಟುವ ಪದ್ಧತಿ. ಪೂರ್ತಿ ಹೆಸರು ಎಕ್ಸ್‌ಟೆನ್ಸಿಬಲ್ ಬಿಸಿನೆಸ್ ರಿಪೋರ್ಟಿಂಗ್ ಲ್ಯಾಂಗ್ವೇಜ್. ಕಾಗದದಲ್ಲಿಯೋ ಪಿಡಿಎಫ್‌ನಲ್ಲಿಯೋ ಇರುವ ಲೆಕ್ಕವನ್ನು ಮನುಷ್ಯ ಓದಿ ಅರ್ಥ ಮಾಡಿಕೊಳ್ಳುತ್ತಾನೆ. ಕಂಪ್ಯೂಟರಿಗೆ ಅದು ಬರೀ ಅಕ್ಷರ, ಅಂಕಿ. ಅದೇ ಅಂಕಿಗೆ ‘ಇದು ಇಂಥ ಕಂಪನಿಯದು, ಇಂಥ ದಿನದ್ದು, ರೂಪಾಯಿಯಲ್ಲಿದೆ, ಇದರ ಹೆಸರು ವ್ಯಾಪಾರ ಬಾಕಿ’ ಎಂಬ ಚೀಟಿ ಕಟ್ಟಿದರೆ ಸಾವಿರ ಕಂಪನಿಗಳ ಬಾಕಿಯನ್ನು ಕ್ಷಣದಲ್ಲಿ ಸಾಲಾಗಿ ನಿಲ್ಲಿಸಿ ಹೋಲಿಸಬಹುದು. ಈ ಚೀಟಿಗೆ ಟ್ಯಾಗ್ ಎಂದು ಹೆಸರು.

ಭಾರತದಲ್ಲಿ 2011ರಿಂದ ದೊಡ್ಡ ಕಂಪನಿಗಳಿಗೆ ಇದು ಕಡ್ಡಾಯ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಕಡೆಯ ಹೊಲಗಳಿಗೂ ಈ ಪದ್ಧತಿಗೂ ನೇರ ನಂಟಿದೆ. ಇಲ್ಲಿ ಕಬ್ಬು ನುರಿಸುವ ಕಾರ್ಖಾನೆಗಳನ್ನು ನಡೆಸುವವು ಕಂಪನಿಗಳು. ಅವುಗಳ ಲೆಕ್ಕ ಪ್ರತಿವರ್ಷ ಈ ಭಾಷೆಯಲ್ಲೇ ಸರ್ಕಾರಕ್ಕೆ ಸಲ್ಲುತ್ತದೆ. ತೊಗರಿಯ ನಾಡೆಂದು ಹೆಸರಾದ ಈ ಸೀಮೆಯಲ್ಲಿ ಭೀಮಾ ನದಿ, ಅಮರ್ಜಾ ಜಲಾಶಯ, ಬಾವಿ-ಬೋರುಗಳ ನೀರು ಸಿಕ್ಕಲ್ಲೆಲ್ಲ ಕಬ್ಬು ಹಬ್ಬಿದೆ. ಆ ಕಬ್ಬು ಕಾಟಾದ ಮೇಲೆ ತೂಗಿಸಿಕೊಂಡ ಗಳಿಗೆಯಿಂದ ದೆಹಲಿಯ ಕಡತದಲ್ಲಿ ಒಂದು ಟ್ಯಾಗ್ ಆಗುವವರೆಗಿನ ದಾರಿಯನ್ನು ಹಿಡಿದು ಹೊರಟರೆ ಈ ಪದ್ಧತಿಯ ಬಲವೂ ಅದರ ಕೊರತೆಯೂ ಕಣ್ಣಿಗೆ ಬೀಳುತ್ತವೆ.

ಹುಟ್ಟು

1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಎಂಬ ಗುರುತು ಭಾಷೆ ಅಂತರಜಾಲದ ಮಾನಕವಾಗಿ ಹೊರಬಂತು. ಅದೇ ವರ್ಷ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ಲೆಕ್ಕಿಗ ಚಾರ್ಲ್ಸ್ ಹಾಫ್‌ಮನ್, ಇದನ್ನು ಲೆಕ್ಕಪತ್ರಕ್ಕೆ ಬಳಸಬಹುದೇ ಎಂದು ಪರೀಕ್ಷಿಸತೊಡಗಿದ. ಅಮೆರಿಕದ ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟರ ಸಂಸ್ಥೆ ಅವನ ಬೆನ್ನಿಗೆ ನಿಂತಿತು. ಮೊದಲು ಎಕ್ಸ್‌ಎಫ್‌ಆರ್‌ಎಂಎಲ್ ಎಂದಿದ್ದ ಹೆಸರು ಎಕ್ಸ್‌ಬಿಆರ್‌ಎಲ್ ಆಯಿತು. 2000ದಲ್ಲಿ ಮೊದಲ ಆವೃತ್ತಿ ಬಂತು. 2003ರ ಕೊನೆಯ ದಿನ ಹೊರಬಿದ್ದ 2.1ನೇ ಆವೃತ್ತಿಯೇ ಇಂದಿಗೂ ತಳಪಾಯ. ಲಾಭದಾಸೆಯಿಲ್ಲದ ಎಕ್ಸ್‌ಬಿಆರ್‌ಎಲ್ ಇಂಟರ್‌ನ್ಯಾಷನಲ್ ಇದನ್ನು ಕಾಪಾಡಿಕೊಂಡು ಬಂದಿದೆ. ಬಳಸಲು ಯಾರೂ ಯಾರಿಗೂ ಹಣ ಕೊಡಬೇಕಾಗಿಲ್ಲ.

ಅಮೆರಿಕದ ಬ್ಯಾಂಕ್ ಠೇವಣಿ ವಿಮಾ ನಿಗಮ 2005ರಲ್ಲಿ ಬ್ಯಾಂಕುಗಳ ತ್ರೈಮಾಸಿಕ ವರದಿಗಳಿಗೆ ಇದನ್ನು ಬಳಕೆಗೆ ತಂದಿತು. ಅಲ್ಲಿನ ಷೇರುಪೇಟೆಯ ನಿಯಂತ್ರಕ 2009ರಿಂದ ಹಂತಹಂತವಾಗಿ ಕಡ್ಡಾಯ ಮಾಡಿದ. ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ಬೆಂಗಳೂರಿನ ಇನ್ಫೋಸಿಸ್, ವಿಪ್ರೊ ಕಂಪನಿಗಳ ವಾರ್ಷಿಕ ವರದಿಗಳೂ ಅಲ್ಲಿಗೆ ಟ್ಯಾಗ್ ಕಟ್ಟಿಕೊಂಡೇ ಹೋಗಬೇಕು. ಬ್ರಿಟನ್ನಿನ ತೆರಿಗೆ ಇಲಾಖೆ 2011ರ ಏಪ್ರಿಲ್‌ನಿಂದ ಇನ್‌ಲೈನ್ ರೂಪವನ್ನು ಆರಿಸಿಕೊಂಡಿತು. ಇದರಲ್ಲಿ ಓದುಗನಿಗೆ ಮಾಮೂಲಿ ಪುಟ ಕಾಣುತ್ತದೆ, ಟ್ಯಾಗ್‌ಗಳು ಅದರ ಹಿಂದೆಯೇ ಅಡಗಿರುತ್ತವೆ.

ಭಾರತದಲ್ಲಿ ಮೊದಲ ಹೆಜ್ಜೆ ರಿಸರ್ವ್ ಬ್ಯಾಂಕಿನದು: 2008ರಲ್ಲಿ ಬ್ಯಾಂಕುಗಳ ಬಂಡವಾಳ ಪರ್ಯಾಪ್ತತೆಯ ವರದಿಯನ್ನು ಅದು ಈ ರೂಪದಲ್ಲಿ ತರಿಸಿಕೊಳ್ಳತೊಡಗಿತು. ಕಂಪನಿ ವ್ಯವಹಾರಗಳ ಸಚಿವಾಲಯ 2011ರಲ್ಲಿ ಸುತ್ತೋಲೆಗಳನ್ನು ಹೊರಡಿಸಿ, ಅದೇ ವರ್ಷ ನಿಯಮವನ್ನೂ ಜಾರಿಗೊಳಿಸಿ, 2010-11ರ ಲೆಕ್ಕದಿಂದಲೇ ಆರಂಭಿಸಿತು. ಇಂದು ನಡೆಯುತ್ತಿರುವುದು 2015ರ ನಿಯಮ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಆಸರೆಯಲ್ಲಿ ಎಕ್ಸ್‌ಬಿಆರ್‌ಎಲ್ ಇಂಡಿಯಾ ಬೆಳೆಯಿತು. ಟ್ಯಾಗ್ ಕಟ್ಟುವುದೇ ಒಂದು ಕಸುಬಾಗಿ, ನವಿ ಮುಂಬಯಿಯ ಐರಿಸ್, ಚೆನ್ನೈಯ ಡೇಟಾಟ್ರ್ಯಾಕ್ಸ್‌ನಂಥ ಸಂಸ್ಥೆಗಳು ಹೊರದೇಶಗಳ ಕಂಪನಿಗಳಿಗೂ ಈ ಕೆಲಸ ಮಾಡಿಕೊಡುತ್ತಿವೆ.

ನಾಲ್ಕು ಕಾರ್ಖಾನೆ, ಮೂರು ಬಾಗಿಲು

ಯಾರು ಎಕ್ಸ್‌ಬಿಆರ್‌ಎಲ್‌ನಲ್ಲೇ ಲೆಕ್ಕ ಸಲ್ಲಿಸಬೇಕು? ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ. ಅಂಥದರ ಭಾರತೀಯ ಅಂಗಸಂಸ್ಥೆ. ಪಾವತಿಯಾದ ಬಂಡವಾಳ ₹5 ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವ ಇಲ್ಲವೇ ವಹಿವಾಟು ₹100 ಕೋಟಿ ಮುಟ್ಟಿರುವ ಕಂಪನಿ. ಹೊಸ ಲೆಕ್ಕಪದ್ಧತಿಯಾದ ಇಂಡ್ ಎಎಸ್ ಅನ್ವಯವಾಗುವ ಕಂಪನಿಗಳೂ ಸೇರುತ್ತವೆ. ಬ್ಯಾಂಕು, ವಿಮೆ ಮುಂತಾದವು ಬೇರೆ ನಿಯಂತ್ರಕರ ಅಧೀನವಾದ್ದರಿಂದ ಹೊರಗಿವೆ. ಒಮ್ಮೆ ಒಳಗೆ ಬಂದ ಕಂಪನಿ ನಂತರ ವಹಿವಾಟು ಇಳಿದರೂ ಹೊರಗೆ ಹೋಗುವಂತಿಲ್ಲ.

ನಿಯಮದ ಈ ಬಾಗಿಲುಗಳಲ್ಲಿ ಮೊದಲ ಮೂರನ್ನು ಇದೊಂದೇ ಸೀಮೆಯಲ್ಲಿ ನೋಡಬಹುದು. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿರುವುದು ಶ್ರೀ ರೇಣುಕಾ ಶುಗರ್ಸ್‌ನ ಘಟಕ. 1995ರಲ್ಲಿ ನೋಂದಾಯಿಸಿಕೊಂಡು ಬೆಳಗಾವಿಯಲ್ಲಿ ಬೇರೂರಿದ ಈ ಕಂಪನಿ 2005ರಲ್ಲಿ ಷೇರುಪೇಟೆಗೆ ಬಂತು. 2018ರಿಂದ ಸಿಂಗಪುರದ ವಿಲ್ಮಾರ್ ಗುಂಪಿನ ಹಿಡಿತದಲ್ಲಿದೆ. ಜೇವರ್ಗಿ ಘಟಕವೆಂದೇ ಕರೆಯುವ ಮಳ್ಳಿ-ನಾಗರಹಳ್ಳಿಯ ಕಾರ್ಖಾನೆ ಉಗಾರ ಶುಗರ್ ವರ್ಕ್ಸ್‌ನದು. ಉಗಾರ ಖುರ್ದದಲ್ಲಿ ತಾಯಿ ಕಾರ್ಖಾನೆಯಿರುವ, 1939ರಲ್ಲಿ ಹುಟ್ಟಿದ ಇದೂ ಷೇರುಪೇಟೆಯ ಕಂಪನಿಯೇ. ಇವೆರಡೂ ಮೊದಲ ಬಾಗಿಲಿನಿಂದ ಬಂದವು. ಅಫಜಲಪುರ ತಾಲ್ಲೂಕಿನ ಚಿಣಮಗೇರಾದ ಕಾರ್ಖಾನೆಯನ್ನು ಕಟ್ಟಿದ್ದು ಕೊಯಮತ್ತೂರಿನ ಕೆಪಿಆರ್ ಮಿಲ್‌ನ ಅಂಗಸಂಸ್ಥೆ. ತಾಯಿ ಕಂಪನಿ ಷೇರುಪೇಟೆಯಲ್ಲಿರುವುದರಿಂದ ಮಗಳ ಲೆಕ್ಕಕ್ಕೂ ಟ್ಯಾಗ್ ಬೇಕು. ಆಳಂದ ತಾಲ್ಲೂಕಿನ ಭೂಸನೂರಿನ ಕಾರ್ಖಾನೆಯನ್ನು ನಡೆಸುವ ಎನ್‌ಎಸ್‌ಎಲ್ ಶುಗರ್ಸ್ ಹೈದರಾಬಾದಿನದು, ಷೇರುಪೇಟೆಯಲ್ಲಿಲ್ಲ. ಅದನ್ನು ಒಳಗೆ ತಂದದ್ದು ಗಾತ್ರ.

ಭೂಸನೂರಿನ ಮಾತು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಹುಟ್ಟಿದ್ದು ಸಹಕಾರಿ ಸಕ್ಕರೆ ಕಾರ್ಖಾನೆಯಾಗಿ. ಸಹಕಾರಿ ಸಂಘ ಕಂಪನಿ ಕಾಯ್ದೆಗೆ ಒಳಪಡುವುದಿಲ್ಲ. ಅದರ ಲೆಕ್ಕ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ತಪಾಸಣೆಯಾಗುತ್ತದೆ, ಸಹಕಾರ ಇಲಾಖೆಗೆ ಹೋಗುತ್ತದೆ, ಟ್ಯಾಗ್‌ನ ಗೊಡವೆಯಿಲ್ಲ. ಆದರೆ ಸಹಕಾರಿ ಸಂಘದಲ್ಲಿ ಕಬ್ಬು ಬೆಳೆಯುವವನೇ ಷೇರುದಾರ. ವಾರ್ಷಿಕ ಮಹಾಸಭೆಗೆ ಮುಂಚೆ ಅಢಾವೆ ಪತ್ರಿಕೆ ಕನ್ನಡದಲ್ಲಿ ಅಚ್ಚಾಗಿ ಅವನ ಕೈಗೆ ಬರುತ್ತದೆ, ಸಭೆಯಲ್ಲಿ ಎದ್ದು ನಿಂತು ಬಾಕಿಯ ಬಗ್ಗೆ ಕೇಳುವ ಹಕ್ಕು ಅವನಿಗಿರುತ್ತದೆ. ಕಾರ್ಖಾನೆ ಕಂಪನಿಯ ಕೈಗೆ ಹೋದಾಗ ಲೆಕ್ಕ ಹೆಚ್ಚು ಶಿಸ್ತಿನದಾಯಿತು, ದೇಶದ ಯಾವ ಮೂಲೆಯಿಂದಲೂ ತೆರೆದು ನೋಡುವಂತಾಯಿತು. ಅದೇ ಹೊತ್ತಿಗೆ ಅದು ಊರಿನ ಭಾಷೆಯನ್ನೂ ಊರಿನ ಸಭೆಯನ್ನೂ ಬಿಟ್ಟುಹೋಯಿತು. ಎಕ್ಸ್‌ಬಿಆರ್‌ಎಲ್‌ನ ಬೆಲೆ ಕಟ್ಟುವಾಗ ಈ ಗಳಿಕೆ, ಈ ನಷ್ಟ ಎರಡನ್ನೂ ತಕ್ಕಡಿಗೆ ಹಾಕಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಕಾಟಾ ಚೀಟಿಯಿಂದ ಟ್ಯಾಗ್‌ವರೆಗೆ

ಒಬ್ಬ ರೈತನ ಟ್ರ್ಯಾಕ್ಟರಿನಲ್ಲಿ 20 ಟನ್ ಕಬ್ಬು ಬಂತು ಎಂದುಕೊಳ್ಳೋಣ. 2024-25ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಸಮ್ಮತ ಹಾಗೂ ಲಾಭದಾಯಕ ದರ (ಎಫ್‌ಆರ್‌ಪಿ), ಸಕ್ಕರೆ ಇಳುವರಿ ಶೇ 10.25 ಇದ್ದರೆ, ಕ್ವಿಂಟಲಿಗೆ ₹340, ಅಂದರೆ ಟನ್ನಿಗೆ ₹3,400. ಆ ಲೆಕ್ಕಕ್ಕೆ ಬಿಲ್ಲು ₹68,000. ಕಟಾವು, ಸಾಗಣೆಯ ಖರ್ಚು ಇದರಲ್ಲೇ ಕಳೆಯುತ್ತದೆ. ಕಾಟಾ ಚೀಟಿಯಲ್ಲಿ ರೈತನ ಹೆಸರು, ಊರು, ಗಾಡಿ ನಂಬರು, ತೂಕ ಎಲ್ಲ ಇರುತ್ತವೆ. ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಅದು ಅವನ ಖಾತೆಗೆ ಜಮೆಯಾಗುತ್ತದೆ. ಅಲ್ಲಿಂದ ಲೆಕ್ಕವಿಭಾಗಕ್ಕೆ ಹೋಗುವಾಗ ಸಾವಿರಾರು ರೈತರ ಬಿಲ್ಲು ಒಂದು ಮೊತ್ತವಾಗುತ್ತದೆ. ಘಟಕದಿಂದ ಕಂಪನಿಯ ಮುಖ್ಯ ಕಚೇರಿಗೆ ಹೋಗುವಾಗ ಎಲ್ಲ ಘಟಕಗಳ ಮೊತ್ತಗಳು ಕೂಡಿಕೊಳ್ಳುತ್ತವೆ. ತಾಳೆಪಟ್ಟಿ ತಯಾರಾಗಿ, ಲೆಕ್ಕಪರಿಶೋಧಕರ ಸಹಿ ಬಿದ್ದ ಮೇಲೆ ಟ್ಯಾಗ್ ಕಟ್ಟುವವನ ಮುಂದೆ ಬರುವುದು ಒಂದೇ ಸಾಲು. ಉದಾಹರಣೆಗೆ ಕಲ್ಪಿಸಿಕೊಳ್ಳೋಣ: ವ್ಯಾಪಾರ ಬಾಕಿ, ₹212.40 ಕೋಟಿ.

ಈ ಒಂದು ಸಾಲಿಗೆ ಟ್ಯಾಗ್ ಕಟ್ಟುವುದನ್ನು ಹತ್ತಿರದಿಂದ ನೋಡೋಣ. ಮೊದಲು ಬೇಕಾದ್ದು ಹೆಸರು. ಟ್ಯಾಕ್ಸಾನಮಿ ಎಂಬ ಪದಕೋಶದಲ್ಲಿ ಸಾವಿರಾರು ಹೆಸರುಗಳಿವೆ. ಅವುಗಳಲ್ಲಿ ಈ ಅಂಕಿಗೆ ಸರಿಹೊಂದುವುದನ್ನು ಹುಡುಕಬೇಕು. ಇದನ್ನು ಮ್ಯಾಪಿಂಗ್ ಎನ್ನುತ್ತಾರೆ. ಇಲ್ಲಿ ಸಿಗುವ ಹೆಸರು ‘ಟ್ರೇಡ್ ಪೇಯಬಲ್ಸ್ ಕರೆಂಟ್’. ಎರಡನೆಯದು ಸಂದರ್ಭ: ಯಾರದು, ಯಾವಾಗಿನದು. ‘ಯಾರದು’ ಎಂಬುದಕ್ಕೆ ಕಂಪನಿಯ 21 ಅಕ್ಷರಗಳ ಗುರುತಿನ ಸಂಖ್ಯೆ, ಸಿಐಎನ್. ಅದರ ಮೊದಲ ಅಕ್ಷರ ಎಲ್ ಆಗಿದ್ದರೆ ಷೇರುಪೇಟೆಯ ಕಂಪನಿ, ಯು ಆಗಿದ್ದರೆ ಅಲ್ಲ. ಅದರೊಳಗೇ ಉದ್ಯಮದ ಸಂಕೇತ, ರಾಜ್ಯ, ಹುಟ್ಟಿದ ವರ್ಷ ಎಲ್ಲ ಅಡಗಿವೆ. ಉಗಾರದ ಸಂಖ್ಯೆಯಲ್ಲಿ 1939 ಇದೆ, ರೇಣುಕಾದ್ದರಲ್ಲಿ 1995. ‘ಯಾವಾಗಿನದು’ ಎಂಬುದರಲ್ಲಿ ಎರಡು ಬಗೆ. ಮಾರಾಟ, ಸಂಬಳ, ಬಡ್ಡಿಯಂಥವು ಅವಧಿಗೆ ಸೇರಿದವು, ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಬಾಕಿ, ದಾಸ್ತಾನು, ಸಾಲದಂಥವು ಒಂದು ದಿನಕ್ಕೆ ಸೇರಿದವು, ಅದು ಮಾರ್ಚ್ 31. ಮೂರನೆಯದು ಅಳತೆ: ರೂಪಾಯಿ, ಷೇರುಗಳ ಸಂಖ್ಯೆ ಅಥವಾ ಬರೀ ಅನುಪಾತ. ನಾಲ್ಕನೆಯದು ನಿಖರತೆ. ಲೆಕ್ಕವನ್ನು ಲಕ್ಷಕ್ಕೆ ಸರಿಹೊಂದಿಸಿದ್ದರೆ ‘ಮೈನಸ್ 5’, ಕೋಟಿಗಾದರೆ ‘ಮೈನಸ್ 7’ ಎಂದು ನಮೂದಿಸಬೇಕು.

ಕಡತದೊಳಗೆ ಅಂಕಿ ನಿಲ್ಲುವುದು ಪೂರ್ತಿ ರೂಪಾಯಿಯಲ್ಲಿ: 2124000000. ವಾರ್ಷಿಕ ವರದಿಯಲ್ಲಿ ಇದು ಲಕ್ಷದ ಲೆಕ್ಕದಲ್ಲಿ 21,240 ಎಂದು ಅಚ್ಚಾಗಿದ್ದು, ಕಟ್ಟುವವನು ಅವಸರದಲ್ಲಿ ಹಾಗೇ ನಮೂದಿಸಿದರೆ ಕಂಪನಿಯ ಬಾಕಿ ಇಪ್ಪತ್ತೊಂದು ಸಾವಿರದ ಇನ್ನೂರನಲವತ್ತು ರೂಪಾಯಿಯಾಗಿ ಕೂರುತ್ತದೆ. ಇಂಥ ತಪ್ಪು ಈ ಕಸುಬಿನಲ್ಲಿ ಎಲ್ಲ ದೇಶಗಳಲ್ಲೂ ಆಗಿದೆ. ಕಳೆಯುವ ಅಂಕಿಯ ಹೆಸರಿನಲ್ಲೇ ‘ಖರ್ಚು’ ಎಂಬ ಅರ್ಥವಿರುವಾಗ ಅದಕ್ಕೆ ಮತ್ತೆ ಮೈನಸ್ ಚಿಹ್ನೆ ಹಾಕಿ ಖರ್ಚನ್ನು ಆದಾಯ ಮಾಡಿಬಿಡುವುದು ಇನ್ನೊಂದು. ಮ್ಯಾಪಿಂಗ್ ಮುಗಿದ ಮೇಲೆ ಸಚಿವಾಲಯವೇ ಕೊಡುವ ತಪಾಸಣೆ ತಂತ್ರಾಂಶದಲ್ಲಿ ಕಡತವನ್ನು ಹಾಯಿಸಬೇಕು. ಕೂಡಿಸಿದ್ದು ಸರಿಯಿದೆಯೇ, ಕಡ್ಡಾಯ ವಿವರಗಳು ತುಂಬಿವೆಯೇ ಎಂದು ಅದು ನೋಡುತ್ತದೆ. ನಂತರ ಅಂತರಜಾಲದಲ್ಲಿ ಮುನ್‌ಪರಿಶೀಲನೆ. ಕೊನೆಗೆ ನಿರ್ದೇಶಕರು ಮತ್ತು ವೃತ್ತಿನಿರತ ಲೆಕ್ಕಿಗರ ಡಿಜಿಟಲ್ ಸಹಿಯೊಂದಿಗೆ ಎಒಸಿ-4 ಎಕ್ಸ್‌ಬಿಆರ್‌ಎಲ್ ನಮೂನೆ ಸಲ್ಲಿಕೆ. ವಾರ್ಷಿಕ ಮಹಾಸಭೆಯಾದ 30 ದಿನದೊಳಗೆ ಇದು ಮುಗಿಯಬೇಕು. ತಡವಾದ ಪ್ರತಿ ದಿನಕ್ಕೆ ₹100 ಹೆಚ್ಚುವರಿ ಶುಲ್ಕ.

ಆದರೆ ಯಾವ ತಂತ್ರಾಂಶವೂ ಅಂಕಿ ನಿಜವೇ ಎಂದು ಹೇಳಲಾರದು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರೇ ಪತ್ರ ಬರೆದು, ಅಢಾವೆ ಪತ್ರಿಕೆಯಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆ ಸುಳ್ಳು ಅಂಕಿಗೆ ಟ್ಯಾಗ್ ಕಟ್ಟಿದ್ದರೂ ಅದು ಅಚ್ಚುಕಟ್ಟಾಗಿ ಪಾಸಾಗುತ್ತಿತ್ತು. ಟ್ಯಾಗ್ ಮಾಡುವ ಉಪಕಾರ ಬೇರೆ ತರಹದ್ದು. ಒಂದೇ ಉದ್ಯಮದ ನೂರು ಕಂಪನಿಗಳ ನಡುವೆ ಒಂದರ ಅಂಕಿ ಮಾತ್ರ ವಿಚಿತ್ರವಾಗಿದ್ದರೆ ಅದು ಬೇಗ ಎದ್ದು ಕಾಣುತ್ತದೆ, ಪ್ರಶ್ನೆ ಕೇಳಲು ಜಾಗ ಸಿಗುತ್ತದೆ.

ಮಾರ್ಚ್ 31ರ ಸಕ್ಕರೆ

ಸಕ್ಕರೆ ಉದ್ಯಮದ ಹಂಗಾಮು ಅಕ್ಟೋಬರಿನಿಂದ ಸೆಪ್ಟೆಂಬರ್. ಕಂಪನಿಯ ಲೆಕ್ಕದ ವರ್ಷ ಏಪ್ರಿಲಿನಿಂದ ಮಾರ್ಚ್. ದೀಪಾವಳಿಯ ಹೊತ್ತಿಗೆ ಗಾಣ ತಿರುಗತೊಡಗಿ, ಬಿಸಿಲು ಏರುವ ಹೊತ್ತಿಗೆ ನುರಿಸುವುದು ಮುಗಿಯುತ್ತದೆ. ಹೀಗಾಗಿ ಮಾರ್ಚ್ 31 ಎಂಬ ದಿನ ಸಕ್ಕರೆ ಕಂಪನಿಯ ಪಾಲಿಗೆ ಗೋದಾಮು ತುಂಬಿ ತುಳುಕುವ ದಿನ. ಚೀಲಗಳೆಲ್ಲ ಒಳಗೆ, ಬ್ಯಾಂಕಿನ ಸಾಲ ಹೊರಗೆ, ರೈತರ ಬಿಲ್ಲಿನಲ್ಲಿ ಒಂದಷ್ಟು ಇನ್ನೂ ಪುಸ್ತಕದಲ್ಲಿ. ಅದೇ ಕಂಪನಿಯನ್ನು ಸೆಪ್ಟೆಂಬರ್ 30ರಂದು ನೋಡಿದರೆ ದಾಸ್ತಾನು ಕರಗಿರುತ್ತದೆ, ಬಾಕಿಯೂ ಇಳಿದಿರುತ್ತದೆ. ಟ್ಯಾಗ್‌ನ ಸಂದರ್ಭದಲ್ಲಿ ಬರೀ ದಿನಾಂಕವಿರುತ್ತದೆ, ಹಂಗಾಮು ಇರುವುದಿಲ್ಲ. ಸಿಮೆಂಟು ಕಂಪನಿಯ ಮಾರ್ಚ್ 31ನ್ನೂ ಸಕ್ಕರೆ ಕಂಪನಿಯ ಮಾರ್ಚ್ 31ನ್ನೂ ಪಕ್ಕಪಕ್ಕ ಇಟ್ಟು ‘ಇದರ ದಾಸ್ತಾನು ಬಹಳ’ ಎಂದು ತೀರ್ಮಾನಿಸುವವನು ಕಬ್ಬಿನ ಗದ್ದೆ ಕಂಡವನಲ್ಲ.

ಇದಕ್ಕೆ ಒಂದಿಷ್ಟು ಪರಿಹಾರ ಷೇರುಪೇಟೆಗಳಿಂದ ಬಂದಿದೆ. ನೋಂದಾಯಿತ ಕಂಪನಿಗಳು ತ್ರೈಮಾಸಿಕ ಫಲಿತಾಂಶವನ್ನೂ ಈ ರೂಪದಲ್ಲಿ ಬಿಎಸ್‌ಇ, ಎನ್‌ಎಸ್‌ಇಗೆ ಕೊಡಬೇಕು. ಅರ್ಧವರ್ಷಕ್ಕೊಮ್ಮೆ ಆಸ್ತಿ-ಹೊಣೆಯ ಪಟ್ಟಿಯೂ ಅದರಲ್ಲಿರುತ್ತದೆ. ಆದ್ದರಿಂದ ರೇಣುಕಾ, ಉಗಾರಗಳ ಸೆಪ್ಟೆಂಬರ್ ಮತ್ತು ಮಾರ್ಚ್ ಅಂಕಿಗಳನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಂಡು ಹೋಲಿಸಬಹುದು. ಷೇರುಪೇಟೆಯಲ್ಲಿಲ್ಲದ ಕಂಪನಿಗಳಿಗೆ ಈ ಕಿಟಕಿಯಿಲ್ಲ. ಸಚಿವಾಲಯದ ತಾಣದಲ್ಲಿ ಕಂಪನಿಯೊಂದಕ್ಕೆ ₹100 ಶುಲ್ಕ ಕಟ್ಟಿ ಅವುಗಳ ವಾರ್ಷಿಕ ಕಡತ ನೋಡಬಹುದು. ಕಡತ ಬಿಡಿಸಿ ಓದಲು ಅರೆಲ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಸಕ್ಕರೆ ಕಂಪನಿಗಳು ಇನ್ನೊಂದು ಕಡತವನ್ನೂ ಟ್ಯಾಗ್ ಕಟ್ಟಿ ಕೊಡುತ್ತವೆ. 2014ರ ವೆಚ್ಚ ದಾಖಲೆ ನಿಯಮಗಳಲ್ಲಿ ಸಕ್ಕರೆ ಮತ್ತು ಕೈಗಾರಿಕಾ ಮದ್ಯಸಾರ ನಿಯಂತ್ರಿತ ವಲಯಕ್ಕೆ ಸೇರಿವೆ. ಒಟ್ಟು ವಹಿವಾಟು ₹50 ಕೋಟಿ, ಆ ಉತ್ಪನ್ನದ್ದೇ ₹25 ಕೋಟಿ ದಾಟಿದರೆ ವೆಚ್ಚ ಲೆಕ್ಕಪರಿಶೋಧನೆ ಮಾಡಿಸಬೇಕು. ಆ ವರದಿ ಸಿಆರ್‌ಎ-4 ನಮೂನೆಯೊಂದಿಗೆ ಎಕ್ಸ್‌ಬಿಆರ್‌ಎಲ್‌ನಲ್ಲೇ ಸಲ್ಲುತ್ತದೆ. ಉತ್ಪನ್ನವಾರು ತಯಾರಿಕೆಯ ಪ್ರಮಾಣ, ಕಚ್ಚಾಮಾಲು, ವಿದ್ಯುತ್, ಕೂಲಿ, ಮಾರಾಟ ಎಲ್ಲ ಅದರಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಕಬ್ಬಿನ ದರ ಎಷ್ಟಿರಬೇಕು ಎಂಬ ಚರ್ಚೆ ಪ್ರತಿ ಹಂಗಾಮಿನಲ್ಲೂ ರಸ್ತೆಗೆ ಬರುವ ಈ ರಾಜ್ಯದಲ್ಲಿ, ಸಕ್ಕರೆಗೆ ನಿಜವಾಗಿ ಏನು ಖರ್ಚು ಬೀಳುತ್ತದೆ ಎಂದು ಹೇಳುವ ಅತ್ಯಂತ ಕ್ರಮಬದ್ಧ ದಾಖಲೆ ಇದೇ.

ಪದಕೋಶದಲ್ಲಿಲ್ಲದ ಹೆಸರು

ಈಗ ಆ ₹212.40 ಕೋಟಿಯ ಸಾಲಿಗೆ ಮರಳೋಣ. ಅದರಲ್ಲಿ ಕಬ್ಬು ಬೆಳೆಗಾರರದು ಎಷ್ಟು? ಕಂಪನಿ ಕಾಯ್ದೆಯ ಮೂರನೇ ಅನುಸೂಚಿ ವ್ಯಾಪಾರ ಬಾಕಿಯನ್ನು ಎರಡಾಗಿ ಒಡೆಯಲು ಹೇಳುತ್ತದೆ: ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ್ದು, ಇತರರಿಗೆ ಕೊಡಬೇಕಾದ್ದು. 2021ರ ಏಪ್ರಿಲ್‌ನಿಂದ ಬಾಕಿಯ ವಯಸ್ಸನ್ನೂ ಹೇಳಬೇಕು. ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು, ಮೂರಕ್ಕಿಂತ ಹೆಚ್ಚು. ಸಣ್ಣ ಉದ್ಯಮಕ್ಕೆ ಕಾನೂನಿನ ರಕ್ಷಣೆ ಬಂದಾಗ ಅದಕ್ಕೊಂದು ಪ್ರತ್ಯೇಕ ಸಾಲೂ ಬಂತು, ಟ್ಯಾಗೂ ಬಂತು. ರೈತನಿಗೂ ಕಾನೂನಿನ ರಕ್ಷಣೆಯಿದೆ, ಅದು ಇನ್ನೂ ಹಳೆಯದು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಆದರೆ ಅಢಾವೆ ಪತ್ರಿಕೆಯ ನಮೂನೆ ರೈತನನ್ನು ಹೆಸರಿಟ್ಟು ಕರೆಯುವುದಿಲ್ಲ. ಅವನು ‘ಇತರರು’ ಎಂಬ ಸಾಲಿನಲ್ಲಿ ಗೋಣಿಚೀಲ ಪೂರೈಸಿದವನ, ಸುಣ್ಣ-ಗಂಧಕ ಕೊಟ್ಟವನ, ಲಾರಿ ಮಾಲೀಕನ ಜೊತೆ ನಿಂತಿದ್ದಾನೆ. ವಯಸ್ಸಿನ ಪಟ್ಟಿಯೂ ‘ಒಂದು ವರ್ಷದೊಳಗೆ’ ಎಂದು ಶುರುವಾಗುವುದರಿಂದ 14ನೇ ದಿನ ದಾಟಿದ್ದು, ಆರು ತಿಂಗಳು ಕಳೆದದ್ದು ಒಂದೇ ಮನೆಯಲ್ಲಿ ಸೇರಿಹೋಗುತ್ತವೆ.

ಕಂಪನಿ ಬೇಕಾದರೆ ಟಿಪ್ಪಣಿಯಲ್ಲಿ ಕಬ್ಬಿನ ಬಾಕಿಯನ್ನು ಬೇರೆಯಾಗಿ ಬರೆಯಬಹುದು. ಅದಕ್ಕೆ ಹೊಸ ಟ್ಯಾಗ್ ಹುಟ್ಟಿಸುವಂತಿಲ್ಲ. ಅಮೆರಿಕದಲ್ಲಿ ಕಂಪನಿಯೇ ತನಗೆ ಬೇಕಾದ ಟ್ಯಾಗ್ ಸೇರಿಸಿಕೊಳ್ಳಬಹುದು. ಅಲ್ಲಿ ಅದು ಅತಿಯಾಗಿ, ಒಬ್ಬರ ಟ್ಯಾಗ್ ಇನ್ನೊಬ್ಬರಿಗೆ ಹೋಲದೆ ಹೋಲಿಕೆ ಕೆಟ್ಟಿತು. ಭಾರತದ ಸಚಿವಾಲಯ ಆ ದಾರಿಯನ್ನು ಮುಚ್ಚಿದ್ದು ಒಳ್ಳೆಯ ನಿರ್ಧಾರವೇ. ಆದರೆ ಪದಕೋಶ ಮುಚ್ಚಿದ್ದಾಗ ಅದರೊಳಗೆ ಯಾವ ಪದ ಇರಬೇಕೆಂದು ತೀರ್ಮಾನಿಸುವವರ ಹೊಣೆ ಹೆಚ್ಚುತ್ತದೆ. ಈ ಕೋಶ ಹಲವು ಸಲ ಬದಲಾಗಿದೆ. 2011ರದು ಹಳೆಯ ಆರನೇ ಅನುಸೂಚಿಯ ಮೇಲೆ ನಿಂತಿತ್ತು, ಮರುವರ್ಷದ್ದು ಪರಿಷ್ಕೃತ ಅನುಸೂಚಿಯ ಮೇಲೆ, ನಂತರ ಇಂಡ್ ಎಎಸ್‌ಗೆ ಬೇರೆ ಕೋಶ ಬಂತು. ಅಷ್ಟು ಸಲ ಬದಲಾದದ್ದು ಕಬ್ಬಿನ ಬಾಕಿಗಾಗಿ ಇನ್ನೊಂದು ಸಲ ಬದಲಾಗಬಹುದು.

ಊರಿನ ಕಥೆಯೂ ಹಾಗೆಯೇ. ಹವಳಗಾ, ಭೂಸನೂರು, ಮಳ್ಳಿ ಎಂಬ ಹೆಸರುಗಳು ಟ್ಯಾಗ್‌ನಲ್ಲಿ ಬರುವುದಿಲ್ಲ. ಕಂಪನಿಗಳು ವಿಭಾಗವಾರು ಲೆಕ್ಕ ಕೊಡುವುದು ಉತ್ಪನ್ನದ ಮೇಲೆ: ಸಕ್ಕರೆ, ಸಹವಿದ್ಯುತ್, ಡಿಸ್ಟಿಲರಿ. ಹವಳಗಾದ ಕಬ್ಬು ರೇಣುಕಾದ ಇತರ ಘಟಕಗಳಾದ ಮುನೋಳಿ, ಅಥಣಿಯ ಕಬ್ಬಿನೊಂದಿಗೆ ಬೆರೆತೇ ಕಾಣಿಸುತ್ತದೆ. ಒಂದು ಘಟಕ ನಷ್ಟದಲ್ಲಿದ್ದು ಇನ್ನೊಂದು ಲಾಭದಲ್ಲಿದ್ದರೆ ಕಡತದಿಂದ ತಿಳಿಯುವಂತಿಲ್ಲ. ಕಾರ್ಖಾನೆ ಮುಚ್ಚುವ ಸುದ್ದಿ ಅಫಜಲಪುರಕ್ಕೆ ತಲಪುವ ಹೊತ್ತಿಗೆ ರೈತ ಕಬ್ಬು ನಾಟಿ ಮಾಡಿ ವರ್ಷವಾಗಿರುತ್ತದೆ. ಅವನಿಗೆ ಬೇಕಾದ್ದು ಘಟಕದ ಆರೋಗ್ಯದ ಸುಳಿವು. ತಾಂತ್ರಿಕವಾಗಿ ಇದು ಕಷ್ಟವೇನಲ್ಲ. ಒಂದು ಅಂಕಿಯನ್ನು ಪ್ರದೇಶ, ಉತ್ಪನ್ನ, ಘಟಕಗಳಾಗಿ ಬಿಡಿಸಿ ತೋರಿಸುವ ಆಯಾಮದ ವ್ಯವಸ್ಥೆ ಎಕ್ಸ್‌ಬಿಆರ್‌ಎಲ್‌ಗೆ 2006ರಲ್ಲೇ ಸೇರಿದೆ.

ಹೊರಗುಳಿದವರು

ಇದೇ ತಾಲ್ಲೂಕುಗಳಲ್ಲಿ ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಗಳೂ ಇವೆ, ತೊಗರಿ ಕೊಳ್ಳುವುದು, ಬೀಜ-ಗೊಬ್ಬರ ಹಂಚುವುದು ಅವುಗಳ ಕೆಲಸ. ಇವೂ ಕಂಪನಿ ಕಾಯ್ದೆಯಡಿಯೇ ನೋಂದಾಯಿತವಾಗುತ್ತವೆ, ಎಒಸಿ-4 ಸಲ್ಲಿಸುತ್ತವೆ. ಬಂಡವಾಳ ₹5 ಕೋಟಿ, ವಹಿವಾಟು ₹100 ಕೋಟಿಯ ಗೆರೆ ದಾಟದ ಕಂಪನಿಗೆ ಟ್ಯಾಗ್ ಬೇಡ; ಪಿಡಿಎಫ್ ಲಗತ್ತಿಸಿದರೆ ಸಾಕು. ಸಣ್ಣವರ ಮೇಲೆ ಖರ್ಚು ಹೊರಿಸಬಾರದೆಂಬ ಕಾಳಜಿ ಇದರಲ್ಲಿದೆ, ಅದು ಸರಿ. ಪರಿಣಾಮ ಮಾತ್ರ ಹೀಗೆ: ಜಿಲ್ಲೆಯ ರೈತ ಕಂಪನಿಗಳು ಒಟ್ಟಾರೆ ಹೇಗಿವೆ ಎಂದು ತಿಳಿಯಬೇಕಾದವರು ಒಂದೊಂದೇ ಪಿಡಿಎಫ್ ತೆರೆದು ಕೈಯಿಂದ ಬರೆದುಕೊಳ್ಳಬೇಕು.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳದು ಬೇರೆ ದಾರಿ. ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ₹2,516 ಕೋಟಿ ವೆಚ್ಚದಲ್ಲಿ ದೇಶದ 63,000 ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲ ಸಂಘಗಳಿಗೂ ಒಂದೇ ತಂತ್ರಾಂಶ, ಒಂದೇ ಖಾತೆಪಟ್ಟಿ. ಟ್ಯಾಗ್‌ನ ಹೆಸರಿಲ್ಲದಿದ್ದರೂ ಉದ್ದೇಶ ಅದೇ, ಒಂದೇ ಸಂಗತಿಗೆ ಎಲ್ಲೆಡೆ ಒಂದೇ ಹೆಸರು. ಇಲ್ಲಿ ಲೆಕ್ಕ ಬರೆಯುವ ಘಟ್ಟದಲ್ಲೇ ಹೆಸರು ಬೀಳುತ್ತದೆ. ಕಂಪನಿಗಳಲ್ಲಿ ಸಾಮಾನ್ಯವಾಗಿ ವರದಿ ಮುಗಿದ ಮೇಲೆ ಹೊರಗಿನವರಿಂದ ಟ್ಯಾಗ್ ಕಟ್ಟಿಸಲಾಗುತ್ತದೆ. ತಪ್ಪುಗಳು ನುಸುಳುವುದು ಈ ಕೊನೆಗಳಿಗೆಯ ಕೆಲಸದಲ್ಲೇ ಹೆಚ್ಚು.

ಹೆಸರು ಮತ್ತು ಭಾಷೆ

ಎಕ್ಸ್‌ಬಿಆರ್‌ಎಲ್‌ನ ರಚನೆಯಲ್ಲಿ ಬಹಳ ಯೋಚಿಸಿ ಮಾಡಿದ ಒಂದು ಏರ್ಪಾಡಿದೆ. ಟ್ಯಾಗ್‌ನ ಗುರುತು ಒಂದು ಕಡೆ, ಅದರ ಓದುವ ಹೆಸರು ಇನ್ನೊಂದು ಕಡತದಲ್ಲಿ. ಅದಕ್ಕೆ ಲೇಬಲ್ ಲಿಂಕ್‌ಬೇಸ್ ಎನ್ನುತ್ತಾರೆ. ಅಂಕಿ ಎಲ್ಲಿ ಕಾಣಿಸಬೇಕು, ಯಾವುದರೊಂದಿಗೆ ಕೂಡಬೇಕು, ಯಾವ ಕಾನೂನಿನ ಯಾವ ಕಲಮಿನಿಂದ ಬಂತು ಎಂಬುದಕ್ಕೂ ಹೀಗೆಯೇ ಬೇರೆ ಬೇರೆ ಕಡತಗಳಿವೆ. ಒಂದು ಟ್ಯಾಗ್‌ಗೆ ಎಷ್ಟು ಭಾಷೆಗಳಲ್ಲಿ ಬೇಕಾದರೂ ಹೆಸರಿಡಬಹುದು. ಯುರೋಪಿನ ಷೇರುಪೇಟೆ ಪ್ರಾಧಿಕಾರ ತನ್ನ ಕೋಶಕ್ಕೆ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಹೆಸರು ಕೊಟ್ಟಿದೆ. ಹಾಗಾಗಿ ಫಿನ್‌ಲೆಂಡಿನ ಓದುಗ ಪೋರ್ಚುಗಲ್ ಕಂಪನಿಯ ಅಢಾವೆಯನ್ನು ತನ್ನ ನುಡಿಯಲ್ಲಿ ತೆರೆಯಬಲ್ಲ.

ಆಳಂದದ ಓದುಗ ತನ್ನೂರಿನ ಕಾರ್ಖಾನೆಯ ಲೆಕ್ಕ ತೆರೆದರೆ ಕಾಣುವುದು ಇಂಗ್ಲಿಷಿನ ಹೆಸರುಗಳು. ಕನ್ನಡದಲ್ಲಿ ಈ ಪದಗಳು ಇಲ್ಲವೇ? ಸಹಕಾರಿ ಸಂಘಗಳ ವಾರ್ಷಿಕ ವರದಿಗಳಲ್ಲಿ ಅವು ದಶಕಗಳಿಂದ ಅಚ್ಚಾಗುತ್ತಿವೆ: ಷೇರು ಬಂಡವಾಳ, ಕಾಯ್ದಿಟ್ಟ ನಿಧಿ, ಸವಕಳಿ, ಆಖೈರು ದಾಸ್ತಾನು, ಬರಬೇಕಾದ ಬಡ್ಡಿ, ಕೊಡಬೇಕಾದ ಬಾಕಿ. ರೈತ ಇವನ್ನು ಓದಿ, ಸಭೆಯಲ್ಲಿ ಬಳಸಿ ರೂಢಿ ಮಾಡಿಕೊಂಡಿದ್ದಾನೆ. ಇವನ್ನೇ ಟ್ಯಾಗ್‌ಗಳಿಗೆ ಜೋಡಿಸಿ ಒಂದು ಲೇಬಲ್ ಕಡತ ಮಾಡುವುದು ಲೆಕ್ಕಶಾಸ್ತ್ರ ಬಲ್ಲ ಕನ್ನಡಿಗರ ಒಂದು ತಂಡಕ್ಕೆ ಸಾಧ್ಯವಾದ ಕೆಲಸ. ಕಡತದಲ್ಲಿ ಭಾಷೆಯ ಸಂಕೇತ ಬರೆಯುವ ಜಾಗವಿದೆ. ಕನ್ನಡದ ಸಂಕೇತ ಎರಡೇ ಅಕ್ಷರ. ಕಂಪನಿಗಳು ಈವರೆಗೆ ಸಲ್ಲಿಸಿದ ಕಡತಗಳಲ್ಲಿ ಏನನ್ನೂ ತಿದ್ದಬೇಕಾಗಿಲ್ಲ. ಆಯಾ ವರ್ಷದ ಕೋಶಕ್ಕೆ ಈ ಹೆಸರುಗಳನ್ನು ಸೇರಿಸಿದರೆ, ಭೂಸನೂರು, ಹವಳಗಾ, ಚಿಣಮಗೇರಾ, ಮಳ್ಳಿಯ ಕಬ್ಬು ನುರಿಸಿದ ಕಂಪನಿಗಳ ಹಳೆಯ ಲೆಕ್ಕಗಳೂ ಕನ್ನಡದಲ್ಲಿ ತೆರೆದುಕೊಳ್ಳುತ್ತವೆ.